ಸತ್ತವನ ಕನ್ನಡಕ

ಪ್ರೀತಿಯ ಗುಬ್ಬಿಗೆ ನಿನ್ನ ಸೋದರಮಾವನ ಆಶೀರ್ವಾದ.

ಮೂರು ಶನಿವಾರದಿಂದ ನೀನು ನಮ್ಮ ಟಿವಿಯ ಕೊಲೆ ಧಾರಾವಾಹಿ ನೋಡಲು ಬಂದಿಲ್ಲ. ಕಾರಣ ನನಗೆ ಗೊತ್ತು. ಅದರಲ್ಲಿ ಯಜಮಾನರು ನಿದ್ದೆಯಲ್ಲೇ ಹೋದರು ಎಂದು ಅಡುಗೆಯವಳು ಅತ್ತಾಗ, "ಮಲಗಿದವರು ಕನ್ನಡಕ ಹಾಕ್ಕೊಂಡಿರ್ತಾರಾ ಮಾವ? ಇದು ಕೊಲೆ" ಎಂದವಳು ನೀನು. ಮರುದಿನ ಕ್ಷೌರದಂಗಡಿಯಲ್ಲಿ, ಅದನ್ನು ಕಂಡುಹಿಡಿದವನು ನಾನೇ ಎಂದು ಕೊಚ್ಚಿಕೊಂಡೆ. ನಾನು ಮರೆತ ಛತ್ರಿ ಕೊಡಲು ನೀನು ಆಗಲೇ ಅಂಗಡಿಯ ಬಾಗಿಲಿಗೆ ಬಂದು ನಿಂತಿದ್ದೆ.

ಏಳನೇ ತರಗತಿಯವರೆಗಷ್ಟೇ ಓದಿದ ನನ್ನ ಮಾತಿಗೆ ಇಡೀ ಅಂಗಡಿ ಕಿವಿಗೊಟ್ಟಾಗ ಕಾಲು ನೆಲದ ಮೇಲೆ ನಿಲ್ಲಲಿಲ್ಲ, ಅಷ್ಟೇ. ನಿನ್ನೆ ಹೋಗಿ ಎಲ್ಲರೆದುರು ನಿಜ ಹೇಳಿದೆ. ಕ್ಷೌರಿಕ ಕತ್ತರಿಯನ್ನೂ ನಿಲ್ಲಿಸದೆ, "ಅವತ್ತೇ ಗೊತ್ತಿತ್ತು ಬಿಡಿ. ಮೂಗಿನ ಮೇಲೆ ಕನ್ನಡಕ ಇಟ್ಕೊಂಡು ಅಂಗಡಿ ತುಂಬಾ ಹುಡುಕೋರು ನೀವು" ಎಂದ. ನನ್ನ ಮರ್ಯಾದೆ ಕೂದಲಿನ ಜೊತೆ ನೆಲಕ್ಕೆ ಬಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಧಾರಾವಾಹಿಯಲ್ಲಿ ಪೊಲೀಸರು ಯಜಮಾನರ ಅಳಿಯನನ್ನು ಹಿಡಿದಿದ್ದಾರೆ. ಆದರೆ ಅಡುಗೆಯವಳು ತೊಳೆದ ಲೋಟವನ್ನೇ ಮತ್ತೆ ಯಾಕೆ ತೊಳೆದಳು? ಯಾರೂ ಕರೆಯುವ ಮೊದಲೇ ಡಾಕ್ಟರು ಬಂದದ್ದು ಹೇಗೆ? ಇಬ್ಬರೂ ಸೇರಿಕೊಂಡೇ ಕೊಂದಿದ್ದಾರೆ ಎಂದು ನನ್ನ ಊಹೆ. ಆದರೆ ನೀನು ಹೂಂ ಅನ್ನುವ ತನಕ ನನ್ನ ಬುದ್ಧಿಯ ಮೇಲೆ ನನಗೇ ನಂಬಿಕೆ ಬರುವುದಿಲ್ಲ.

ಈ ಶನಿವಾರ ಕೊನೆಯ ಕಂತು. ನಿನ್ನ ಕುರ್ಚಿಯ ಮೇಲೆ ಪೇರಿಸಿದ್ದ ಬಟ್ಟೆ ತೆಗೆದಿದ್ದೇನೆ. ಆರೂವರೆಗೆ ಬಾ. ನನ್ನ ಜೊತೆ ಮಾತು ಬಿಟ್ಟಿದ್ದರೆ ಬಿಟ್ಟೇ ಇರು. ಟಿವಿ ಜೊತೆ ಸ್ವಲ್ಪ ಗಟ್ಟಿಯಾಗಿ ಮಾತಾಡು, ನಾನು ಕೇಳಿಸಿಕೊಳ್ಳುತ್ತೇನೆ.

ಇಂತಿ,
ಬಾಯಿ ಮುಚ್ಚಿಕೊಂಡು ಕೂರಲು ಒಪ್ಪಿರುವ
ನಿನ್ನ ಮಾವ