ಕೆಂಪಾಗದ ಗಿಡ

ಏಪ್ರಿಲ್ ೯, ಭಾನುವಾರ

ಮುದ್ದು ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಪತ್ರ ತಡವಾಯಿತು, ಬೈಯಬೇಡ. ನಿನ್ನ ಅಪ್ಪನ ಸೊಂಟನೋವು ವಾಸಿಯಾಗಿದೆ. ನರಳುವ ಅಭ್ಯಾಸ ಮಾತ್ರ ಬಿಟ್ಟಿಲ್ಲ. ತಡವಾದದ್ದು ನನ್ನಿಂದಲೇ. ಬರೆಯಲು ಕೂತವಳು ಪೆನ್ನು ಕೆಳಗಿಟ್ಟು ಎದ್ದುಬಿಡುತ್ತಿದ್ದೆ.

ನೀನು ಕೊಟ್ಟುಹೋದ ಸಕ್ಯುಲೆಂಟ್ ಗಿಡದಿಂದಲೇ ಶುರುಮಾಡುತ್ತೇನೆ. ನೀರು ಕಡಿಮೆ ಮಾಡಿ ಬಿಸಿಲಿಗಿಟ್ಟರೆ ಆ ದಪ್ಪ ಎಲೆಗಳು ಕೆಂಪೇರುತ್ತವೆ ಎಂದಿದ್ದೆಯಲ್ಲ, ಹಾಗೇ ಮಾಡಿದೆ. ದಿನಾ ನೋಡಿದರೂ ಅದೇ ಮಂಕು ಬೂದಿಬಣ್ಣ. ಇನ್ನಷ್ಟು ಬಿಸಿಲು ಬೇಕೇನೋ ಎಂದು ಕಿಟಕಿಯಿಂದ ತಾರಸಿಗೆ ಸಾಗಿಸಿದೆ, ನೀರನ್ನು ಪೂರ್ತಿ ನಿಲ್ಲಿಸಿಬಿಟ್ಟೆ. ಮಗಳ ಹಾಗೇ ಹಟಮಾರಿ ಎಂದು ಅಪ್ಪನ ಹತ್ತಿರ ದೂರಿದ್ದೂ ಆಯಿತು.

ಹೋದ ವಾರ ಪಕ್ಕದ ಮನೆಯ ನರ್ಸಮ್ಮ ಬಟ್ಟೆ ತೆಗೆಯಲು ತಾರಸಿಗೆ ಬಂದವರು ಅದನ್ನು ಕಂಡು, "ಯಾಕ್ರೀ ಪಾಪ, ಇದನ್ನ ಹೀಗೆ ಸುಡ್ತಿದ್ದೀರಾ? ಮೆಣಸಿನಕಾಯಿ ಥರ ಕೆಂಪಾಗಿಹೋಗಿದೆ" ಎಂದರು. ತಮಾಷೆ ಅಂದುಕೊಂಡು ನಕ್ಕೆ. ಅವರು ನಗಲಿಲ್ಲ.

ಬಟ್ಟೆಗೆ ದಾರ ಹೊಂದಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೊಲಿಗೆ ಅಂಗಡಿಯಲ್ಲಿ ಬೀಗುತ್ತಿದ್ದವಳು ನಾನು. ಈಚೆಗೆ ಕಟಿಂಗ್ ಮಾಸ್ತರು ನಾನು ಆರಿಸಿಕೊಟ್ಟ ದಾರವನ್ನು ಮಾತಿಲ್ಲದೆ ಬದಲಿಸುತ್ತಿದ್ದರು. ಏನೋ ಮುನಿಸಿರಬೇಕು ಅಂದುಕೊಂಡಿದ್ದೆ. ನರ್ಸಮ್ಮ ಹಾಗೆಂದ ಮಾರನೆಯ ದಿನ ಕೇಳಿಯೇಬಿಟ್ಟೆ. "ಅಕ್ಕಾ, ಕೆಂಪು ಬಟ್ಟೆಗೆ ಕಂದು ದಾರ ಕೊಡ್ತಿದ್ದೀರಿ. ಹೇಗೆ ಹೇಳೋದು ಅಂತ ಸುಮ್ನಿದ್ದೆ" ಎಂದರು.

ಕಣ್ಣಿನ ಡಾಕ್ಟರಿಗೆ ತೋರಿಸಿದ್ದಾಯಿತು. ಕಣ್ಣಿನ ಹಿಂದಿನ ನರ ಸೊರಗುತ್ತಿದೆಯಂತೆ. ಮೊದಲು ಮಂಕಾಗುವುದು ಕೆಂಪು. ಮುಂದೆ ಎಷ್ಟು ಕಂಡೀತು, ಎಷ್ಟು ಹೋದೀತು ಎಂದು ಈಗಲೇ ಹೇಳಲಾಗದಂತೆ. ಭಯವಾಗುತ್ತಿದೆ ಪುಟ್ಟಿ. ಅಪ್ಪನ ಮುಂದೆ ಗಟ್ಟಿಯಾಗಿರುತ್ತೇನೆ, ಬಚ್ಚಲಿಗೆ ಹೋಗಿ ಅಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ದಾರದ ಡಬ್ಬಿ ತೆರೆದು, ಇವತ್ತು ಯಾವ ಬಣ್ಣ ಹೋಯಿತೋ ಎಂದು ಹುಡುಕುತ್ತೇನೆ.

ಗಿಡವನ್ನು ನೆರಳಿಗೆ ತಂದು ನೀರು ಹಾಕಿದ್ದೇನೆ. ಬದುಕಿಕೊಳ್ಳುತ್ತದೆ ಅಂದಿದ್ದಾರೆ ನರ್ಸಮ್ಮ. ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರ್ಕಾಲ ಸುಖವಾಗಿರು ಕಂದಾ.

ನಿನ್ನ
ಅಮ್ಮ

ತಾ.ಕ.: ಇಷ್ಟು ಹೊತ್ತು ಬರೆಯಲಾರದೆ ಉಳಿಸಿಕೊಂಡದ್ದು ಇದನ್ನು. ಈ ಕಾಯಿಲೆ ತಾಯಿಯಿಂದ ಮಕ್ಕಳಿಗೆ ಬರಬಹುದಂತೆ. ಡಾಕ್ಟರು ಹಾಗೆಂದ ಮೇಲೆ ಮನೆಗೆ ಬಂದು ನಿನ್ನ ಹಿಂದಿನ ಪತ್ರವನ್ನು ತೆಗೆದು ಓದಿದೆ. "ನಾನು ಇಟ್ಟುಕೊಂಡ ಆ ಗಿಡದ ಮರಿಯೂ ಇನ್ನೂ ಕೆಂಪಾಗಿಲ್ಲಮ್ಮಾ" ಎಂದು ಬರೆದಿದ್ದೀಯ. ನಿನ್ನ ಕೋಣೆಗೆ ಬಿಸಿಲು ಸಾಲದೇನೋ, ಅಷ್ಟೇ ಇರಬೇಕು. ಆದರೂ ಯಾರನ್ನಾದರೂ ಕರೆದು ಆ ಗಿಡವನ್ನು ತೋರಿಸು. ಯಾವ ಬಣ್ಣ ಎಂದು ನೀನು ಹೇಳಬೇಡ, ಅವರನ್ನು ಕೇಳು.