ಲೆಕ್ಕಕ್ಕಿಲ್ಲದ ಎಸೆತಗಳು

ನವೆಂಬರ್ ೧೧, ಬೆಳಿಗ್ಗೆ ೬.೩೦

ಅಂಗೈ ಇವತ್ತೂ ಊದಿದೆ. ಮಿನೆರ್ವ ಬಿಸಿ ಉಪ್ಪುನೀರಿನ ಬೋಗುಣಿ ತಂದು ಮೇಜಿನ ಮೇಲೆ ಕುಕ್ಕಿ ಹೋದಳು. ಎಡಗೈ ನೀರಿನಲ್ಲಿ, ಬಲಗೈಯಲ್ಲಿ ಪೆನ್ನು. ಐವತ್ತೇಳನೇ ವಯಸ್ಸಿನಲ್ಲೂ ಬೇಸ್‌ಬಾಲ್ ಚೆಂಡು ಹಿಡಿಯುವ ಗಂಡನನ್ನು ಕಟ್ಟಿಕೊಂಡ ಕರ್ಮ ತನ್ನದು ಎಂದು ಅಡುಗೆಮನೆಯಿಂದ ಹೇಳುತ್ತಿದ್ದಾಳೆ. ದಿನಾ ಹೇಳುತ್ತಾಳೆ.

ನಿನ್ನೆ ಸೋತೆವು, ೫–೪. ಐದನೇ ಇನಿಂಗ್ಸ್‌ನಲ್ಲಿ ಬುಲ್‌ಪೆನ್‌ನ, ಎಂದರೆ ಪಿಚರ್‌ಗಳು ಎಸೆದು ಕೈ ಕಾಯಿಸುವ ಜಾಗದ, ಫೋನ್ ಹೊಡೆದುಕೊಂಡಿತು. ಮ್ಯಾನೇಜರ್ ಒತೊನಿಯೆಲ್. ಸುರ್ದೊನನ್ನು ಎಬ್ಬಿಸು ಎಂದ. ನಮ್ಮ ಎಡಗೈ ಪಿಚರ್ ರಮೀರೊ ಎದ್ದ. ಇಪ್ಪತ್ತೆರಡು ಎಸೆದ. ಮತ್ತೆ ಫೋನ್ — ಕೂರಿಸು. ಏಳರಲ್ಲಿ ಎಬ್ಬಿಸು. ಹದಿನೆಂಟು. ಕೂರಿಸು. ಎಂಟರಲ್ಲಿ ಇನ್ನೊಮ್ಮೆ, ಹದಿನಾಲ್ಕು. ಮೈದಾನಕ್ಕೆ ಕರೆಯಲೇ ಇಲ್ಲ.

ಒಟ್ಟು ಐವತ್ತನಾಲ್ಕು. ಎಲ್ಲವನ್ನೂ ಹಿಡಿದವನು ನಾನು.

ಇವತ್ತಿನ ಪೇಪರಿನಲ್ಲಿ ಬಂದಿದೆ: ರಮೀರೊ ಕೆಸಾಡಗೆ ವಿಶ್ರಾಂತಿ.


ನವೆಂಬರ್ ೧೪

ಈ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗೆರೆ ಎಳೆದಿದ್ದೇನೆ. ತಾರೀಖು, ಹೆಸರು, ಎಷ್ಟು ಎಸೆತ, ಕರೆದರೇ ಇಲ್ಲವೇ. ನಾಲ್ಕೇ ಕಾಲಂ. ಯಾರೂ ಇದನ್ನು ಕೇಳಿಲ್ಲ. ಲೀಗಿನ ಪುಸ್ತಕದಲ್ಲಿ ಮೈದಾನಕ್ಕೆ ಇಳಿದವನ ಎಸೆತ ಮಾತ್ರ ಇರುತ್ತದೆ. ಬೇಲಿಯಾಚೆ, ನಮ್ಮ ತಗಡಿನ ಮಾಡಿನ ಕೆಳಗೆ, ಕೈ ಕಾಯಿಸಲು ಎಸೆದದ್ದು ಗಾಳಿಗೆ.

ಒತೊನಿಯೆಲ್ ಕೆಟ್ಟವನಲ್ಲ. ಹೆದರುವ ಮ್ಯಾನೇಜರ್, ಅಷ್ಟೆ. ಎದುರಾಳಿಯ ಒಬ್ಬ ಓಡಿ ಮೊದಲ ಬೇಸ್ ಮುಟ್ಟಿದರೆ ಸಾಕು, ಇವನ ಕೈ ಫೋನಿಗೆ ಹೋಗುತ್ತದೆ. ಮೊದಲ ಪಿಚರ್ ಸುಸ್ತಾದರೆ ಎಂದು ಒಬ್ಬನನ್ನು ಎಬ್ಬಿಸುತ್ತಾನೆ. ಆಮೇಲೆ ಮನಸ್ಸು ಬದಲಾಯಿಸುತ್ತಾನೆ. ಒಲೆ ಹಚ್ಚಿ ಅನ್ನಕ್ಕೆ ಇಡದವರ ಹಾಗೆ. ಹನ್ನೆರಡು ವರ್ಷ ಅವನು ಎಸೆದ, ನಾನು ಹಿಡಿದೆ. ನನ್ನ ಮಗಳಿಗೆ ಅವನು ಧರ್ಮಪಿತ. ಅವನ ಮೊಣಕೈ ಹೋದ ದಿನವೂ ಚೆಂಡು ನನ್ನ ಕೈಗವಸಿನಲ್ಲೇ ಇತ್ತು. ಅದನ್ನು ಅವನು ಮರೆತಿರಲಾರ. ಮರೆತಿದ್ದಾನೋ ಏನೋ.


ನವೆಂಬರ್ ೨೩, ಬೆಳಿಗ್ಗೆ

ನಿನ್ನೆ ಕರೆದರು. ಇಬ್ಬರನ್ನು ಔಟ್ ಮಾಡಿ ಬಂದ. ರಮೀರೊನ ಪಂದ್ಯ ಸಂಖ್ಯೆ ಈಗ ಮುನ್ನೂರ ತೊಂಬತ್ತೆಂಟು. ಬುಲ್‌ಪೆನ್‌ನಲ್ಲಿ ಅವನಿಗೆ ಹೆಸರೇ ಹೋಗಿದೆ. ‘ತೊಂಬತ್ತೆಂಟು, ಸ್ವಲ್ಪ ಸರಿ’, ‘ತೊಂಬತ್ತೆಂಟಕ್ಕೆ ಕಾಫಿ ಕೊಡ್ರೋ’. ಅವನೂ ನಗುತ್ತಾನೆ. ಆದರೆ ನಾನೂರು ಮುಟ್ಟಿಯೇ ಆಟ ಬಿಟ್ಟು ಬೂಟು ಬಿಚ್ಚುವುದು ಎಂದು ಹೆಂಡತಿಗೆ ಹೇಳಿದ್ದಾನಂತೆ. ವಯಸ್ಸು ಮೂವತ್ತೆಂಟು. ಮುಂದಿನ ಚಳಿಗಾಲಕ್ಕೆ ಯಾರೂ ಕರೆಯುವುದಿಲ್ಲ. ಅದು ಅವನಿಗೂ ಗೊತ್ತು.

ಅಂಗಿಯ ಗುಂಡಿಯನ್ನು ಬಲಗೈಯೊಂದರಲ್ಲೇ ಹಾಕಿಕೊಳ್ಳುತ್ತಿದ್ದ. ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ.

“ಏನೂ ಇಲ್ಲ ಮೇಷ್ಟ್ರೇ. ಮಲಗಿದ್ದು ಸರಿ ಹೋಗ್ಲಿಲ್ಲ.”

ಬುಲ್‌ಪೆನ್‌ನಲ್ಲಿ ಯಾರೂ ಫೋನಿಗೆ ಇಲ್ಲ ಎನ್ನುವುದಿಲ್ಲ. ಜ್ವರವಿರಲಿ, ಹೆಂಡತಿಗೆ ಹೆರಿಗೆಯಿರಲಿ, ತೋಳು ಕೀಲಿನಿಂದ ಜಾರುತ್ತಿರಲಿ, ‘ರೆಡಿ’ ಎನ್ನಬೇಕು. ನಾನೇ ಇವರಿಗೆಲ್ಲ ಕಲಿಸಿದ್ದು.


ಡಿಸೆಂಬರ್ ೨

೩೯೯. ಒಬ್ಬನೇ ಬ್ಯಾಟರ್, ಮೂರೇ ಎಸೆತ. ನಮ್ಮೂರು ಬಾರಾಓನದ ಜನ ಎದ್ದು ನಿಂತು ತಗಡಿನ ಡಬ್ಬಿ ಬಡಿದರು. ಆ ಮೂರು ಎಸೆತಕ್ಕೆ ಮುಂಚೆ ನನ್ನ ಕೈಗೆ ಅರವತ್ತೊಂದು ಬಂದಿದ್ದವು.

ಶಬ್ದ ಬದಲಾಗಿದೆ. ಅಕ್ಟೋಬರಿನಲ್ಲಿ ಅವನ ಚೆಂಡು ಕೈಗವಸಿಗೆ ಬಿದ್ದರೆ ಬಾಗಿಲು ಹಾಕಿದ ಹಾಗೆ ಕೇಳುತ್ತಿತ್ತು. ಈಗ ಹಳೆಯ ದಿಂಬಿಗೆ ಗುದ್ದಿದ ಹಾಗೆ. ಮಿನೆರ್ವ ಉಪ್ಪುನೀರು ಇಡುತ್ತ, ಊತ ಇಳಿದಿದೆಯಲ್ಲ, ಒಳ್ಳೆಯದೇ ಆಯಿತು ಎಂದಳು.

ಒಳ್ಳೆಯದಲ್ಲ. ಅವನ ಚೆಂಡಿನಲ್ಲಿ ಜೋರು ಉಳಿದಿಲ್ಲ.


ಡಿಸೆಂಬರ್ ೭, ಬೆಳಿಗ್ಗೆ ೫

ನಿದ್ದೆ ಬರಲಿಲ್ಲ. ಬರೆದುಬಿಡುತ್ತೇನೆ.

ನಮ್ಮಲ್ಲಿ ಎಡಗೈಯವನಿಗೆ ಹೆಸರಿಡುವ ಕಷ್ಟವಿಲ್ಲ. ಎಡಚ ಎಂದರೆ ಸುರ್ದೊ. ಇಡೀ ದೇಶದ ತುಂಬ ಸುರ್ದೊಗಳು. ಈ ತಂಡದಲ್ಲಿ ಇಬ್ಬರು. ರಮೀರೊ ಸುರ್ದೊ. ಪೆದೆರ್ನಾಲೆಸ್‌ನಿಂದ ಬಂದ ದಾರ್ವಿನ್ ಬ್ರಿತೊ ಇಪ್ಪತ್ತನಾಲ್ಕರವನು, ಅವನು ಸುರ್ದೀತೊ, ಚಿಕ್ಕ ಎಡಚ. ಫೋನಿನಲ್ಲಿ ಒತೊನಿಯೆಲ್ ಹೇಳುವುದು ಇಷ್ಟೇ. ಕೊನೆಗೆ ‘ಈತೊ’ ಎಂಬ ಬಾಲ ಇದ್ದರೆ ದಾರ್ವಿನ್, ಇಲ್ಲದಿದ್ದರೆ ರಮೀರೊ. ಗದ್ದಲದಲ್ಲಿ ಬಾಲ ಕೇಳದೆ ಎರಡು ಸಲ ತಪ್ಪಾದದ್ದೂ ಉಂಟು. ನಕ್ಕು ಬಿಟ್ಟಿದ್ದೆವು.

ನಿನ್ನೆ ಎಂಟನೇ ಇನಿಂಗ್ಸ್. ಒಂದು ರನ್ ಮುಂದಿದ್ದೆವು. ಅವರ ಇಬ್ಬರು ಬೇಸ್ ಮೇಲೆ. ಬರುವವನು ಎಡಗೈ ಬ್ಯಾಟರ್, ಅಂಥವನಿಗೆ ಎಡಚನೇ ಎಸೆಯಬೇಕು. ರಮೀರೊನನ್ನು ಆಗಲೇ ಎರಡು ಸಲ ಎಬ್ಬಿಸಿ ಕೂರಿಸಿದ್ದರು, ನಲವತ್ತಮೂರು ಎಸೆತ. ಕೊನೆಯದು ನೆಲಕ್ಕೆ ಬಡಿದು ನನ್ನ ಮೊಣಕಾಲಿಗೆ ತಾಗಿತ್ತು. ತೋಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೊಡವುತ್ತಿದ್ದ, ಯಾರಿಗೂ ಕಾಣದ ಹಾಗೆ.

ಫೋನ್. “ಸುರ್ದೊ. ಬೇಗ.”

ಸ್ಪಷ್ಟವಾಗಿ ಕೇಳಿಸಿತು. ಬಾಲ ಇರಲಿಲ್ಲ.

ತಿರುಗಿ, ದಾರ್ವಿನ್ ಏಳು ಎಂದೆ. ಬಾಲ ನಾನು ಅಂಟಿಸಿದೆ.

ದಾರ್ವಿನ್ ಏಳು ಎಸೆತ ಎಸೆಯುವಷ್ಟರಲ್ಲಿ ಒತೊನಿಯೆಲ್ ಮೈದಾನಕ್ಕೆ ಬಂದು ಎಡಗೈ ಎತ್ತಿ ತೋರಿಸಿದ. ಗೇಟು ತೆಗೆದರು. ಹುಡುಗ ಓಡಿದ. ನಡುಮೈದಾನದಲ್ಲಿ ನಿಂತ ಒತೊನಿಯೆಲ್ ಸೊಂಟದ ಮೇಲೆ ಕೈಯಿಟ್ಟು ಇತ್ತ ನೋಡಿದ. ಅಂಪೈರ್ ಆಗಲೇ ಹೆಸರು ಬರೆದುಕೊಂಡಾಗಿತ್ತು, ಇನ್ನು ಬದಲಿಸುವಂತಿರಲಿಲ್ಲ. ಎರಡನೇ ಎಸೆತವನ್ನು ಆ ಬ್ಯಾಟರ್ ತೆಂಗಿನಮರಗಳ ಆಚೆ ಹೊಡೆದ. ಸೋತೆವು.

ಪಂದ್ಯ ಮುಗಿದ ಮೇಲೆ ಒತೊನಿಯೆಲ್ ಕೇಳಿದ. ಗದ್ದಲವಿತ್ತು, ಸುರ್ದೀತೊ ಅಂತ ಕೇಳಿಸಿತು ಎಂದೆ. ತಲೆಯಾಡಿಸಿದ. ನಂಬಿದ. ಮೂವತ್ತು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಸುಳ್ಳು, ಅದೂ ಇಷ್ಟು ಸುಲಭಕ್ಕೆ.


ಡಿಸೆಂಬರ್ ೯

ದಾರ್ವಿನ್ ಹೆಸರು ಪಟ್ಟಿಯಿಂದ ತೆಗೆದರು. ಬಸ್ಸಿಗೆ ಹೋಗುವ ಮುಂಚೆ ಜಾಕೆಟ್ ಹಿಂತಿರುಗಿಸಲು ಬಂದ. ಮಿನೆರ್ವ ಬಾಳೆಕಾಯಿ ಬೇಯಿಸಿ ನುರಿದಿದ್ದಳು. ಕೂತು ತಿಂದ. ಹೊಟ್ಟೆ ತುಂಬ ತಿಂದ, ಪುಣ್ಯಾತ್ಮ.

ದೂರುತ್ತಾನೆ ಎಂದುಕೊಂಡಿದ್ದೆ. ಇಲ್ಲ.

“ಕೈ ಕಾಯಿಸೋಕೆ ಟೈಮ್ ಸಿಗ್ಲಿಲ್ಲ ಅಂದ್ರೆ ನೆಪ ಅಂತಾರೆ, ಬಿಡಿ. ಅಂಥ ಹೊತ್ತಲ್ಲಿ ನೀವು ನನ್ ಹೆಸರು ಕರೆದ್ರಲ್ಲ ಮೇಷ್ಟ್ರೇ. ಅದಷ್ಟು ಸಾಕು ನಂಗೆ.”

ತಟ್ಟೆ ತಾನೇ ತೊಳೆದಿಟ್ಟು ಹೋದ. ನನಗೆ ನಾಚಿಕೆಯಾಯಿತು. ಇದಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.


ಡಿಸೆಂಬರ್ ೧೦, ಮಧ್ಯಾಹ್ನ

ಒತೊನಿಯೆಲ್‌ನ ಮನೆಗೆ ಹೋದೆ. ಹಿತ್ತಲಿನ ಮಾವಿನಮರದ ಕೆಳಗೆ ಒಬ್ಬನೇ ಡೊಮಿನೊ ಬಿಲ್ಲೆ ಜೋಡಿಸುತ್ತಿದ್ದ. ಈ ನೋಟ್‌ಬುಕ್ಕಿನ ಹಿಂದಿನ ಪುಟಗಳನ್ನು ಹರಿದು ಒಯ್ದಿದ್ದೆ. ಮುಂದಿನವು ಅವನು ಓದುವಂಥವಲ್ಲ.

ಮೊದಲು ಫೋನಿನ ವಿಷಯ ಹೇಳಿದೆ. ನಿನಗೆ ಕೇಳಿಸಿತ್ತೇ ಎಂದ. ಕೇಳಿಸಿತ್ತು ಎಂದೆ. ಮುಖ ಕಪ್ಪಿಟ್ಟಿತು. ಮನೆಯಿಂದ ಹೊರಗೆ ಹಾಕುತ್ತಾನೆ ಎಂದುಕೊಂಡೆ. ಆಮೇಲೆ ಪುಟಗಳನ್ನು ಬಿಲ್ಲೆಗಳ ಮೇಲೆ ಇಟ್ಟೆ.

ಕನ್ನಡಕ ತರಿಸಿ ಓದಿದ. ಬೆರಳಿಟ್ಟು, ಸಾಲುಸಾಲಾಗಿ. ಕೊನೆಯ ಕಾಲಂ ಹತ್ತಿರ ಬೆರಳು ನಿಲ್ಲುತ್ತಿತ್ತು: ಕರೆಯಲಿಲ್ಲ, ಕರೆಯಲಿಲ್ಲ, ಕರೆದರು, ಕರೆಯಲಿಲ್ಲ. ಅಕ್ಟೋಬರಿನಿಂದ ರಮೀರೊನನ್ನು ನಲವತ್ತೊಂದು ಸಲ ಎಬ್ಬಿಸಿದ್ದ. ಕರೆದದ್ದು ಹನ್ನೊಂದು ಸಲ. ಅಷ್ಟು ಹೊತ್ತೂ ಅವನ ಇನ್ನೊಂದು ಕೈ ತನ್ನ ಹಳೆಯ ಮೊಣಕೈಯನ್ನು ತಿಕ್ಕುತ್ತಿತ್ತು. ಅವನಿಗೆ ಅದು ಗೊತ್ತಿದ್ದಂತಿರಲಿಲ್ಲ.

“ನಾನು ಕೇಳ್ಲಿಲ್ಲ” ಎಂದ. “ನೀನು ಹೇಳ್ಲಿಲ್ಲ. ಇಬ್ರೂ ಸೇರ್ಕೊಂಡು ಆ ಮನುಷ್ಯನ ತೋಳು ತಿಂದ್ವಿ ಕಣೋ.”

ದಾರ್ವಿನ್‌ನನ್ನು ವಾಪಸ್ ಕರೆಸುತ್ತೇನೆ ಎಂದ. ರಮೀರೊಗೆ ಹತ್ತು ದಿನ ಪೂರ್ತಿ ರಜೆ, ಎಬ್ಬಿಸುವುದೂ ಇಲ್ಲ. ಇನ್ನು ಮೇಲೆ ಫೋನಿನಲ್ಲಿ ಹೆಸರು ಹಿಡಿದೇ ಹೇಳುತ್ತೇನೆ, ಹೇಳುವ ಮುಂಚೆ ಆಗುತ್ತದೋ ಇಲ್ಲವೋ ನಿನ್ನನ್ನು ಕೇಳುತ್ತೇನೆ, ನೀನು ಅಂದದ್ದೇ ಕೊನೆ ಎಂದ. ಇಷ್ಟು ವರ್ಷ ಇದನ್ನೇ ಬಯಸಿದ್ದೆ. ಸಿಕ್ಕಾಗ ಕೈಗೆ ಕೆಂಡ ಬಂದಂತಾಯಿತು.

ಪುಟಗಳನ್ನು ಅವನೇ ಇಟ್ಟುಕೊಂಡ.


ಡಿಸೆಂಬರ್ ೧೩

ರಮೀರೊಗೆ ವಿಷಯ ಗೊತ್ತಾಗಿದೆ. ಮೂರು ದಿನ ಮಾತಾಡಿಲ್ಲ. ಬೆಂಚಿನ ಆ ತುದಿಯಲ್ಲಿ ಕೂರುತ್ತಾನೆ. ಯಾರೂ ಅವನನ್ನು ತೊಂಬತ್ತೊಂಬತ್ತು ಎಂದು ಕರೆಯುತ್ತಿಲ್ಲ.

ಇವತ್ತು ಹೊರಡುವಾಗ ಹತ್ತಿರ ಬಂದ. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

“ಈ ಕೈ ನಂದು ಮೇಷ್ಟ್ರೇ. ನೀವು ಹಿಡಿಯೋದು ಚೆಂಡು.”


ಡಿಸೆಂಬರ್ ೨೧, ಬೆಳಿಗ್ಗೆ

ನಿನ್ನೆ ಭಾನುವಾರ, ಸಂಜೆ ನಾಲ್ಕಕ್ಕೆ ಕೊನೆಯ ಪಂದ್ಯ. ಗೆದ್ದರೆ ಜನವರಿಯ ಸುತ್ತು, ಸೋತರೆ ಮನೆ.

ಎಂಟನೇ ಇನಿಂಗ್ಸ್. ೨–೨. ಮೂರನೇ ಬೇಸ್ ಮೇಲೆ ಒಬ್ಬ. ಬ್ಯಾಟ್ ಹಿಡಿದು ಬರುವವನು ಮೊನ್ನೆ ತೆಂಗಿನಮರದಾಚೆ ಹೊಡೆದ ಅದೇ ಎಡಗೈಯವನು. ರಮೀರೊನ ಎದುರು ಹದಿನೇಳು ಸಲ ಆಡಿ ಒಮ್ಮೆ ಮಾತ್ರ ಬೇಸ್ ಮುಟ್ಟಿದವನು. ರಮೀರೊ ಯಾರೂ ಹೇಳದೆಯೇ ಎದ್ದು ಜಾಕೆಟ್ ತೆಗೆದ. ನಾನು ಕೂತೆ. ಕೈಗವಸು ಒಡ್ಡಿದೆ. ಆ ಬದಿಗೆ ದಾರ್ವಿನ್, ಅವನ ಚೆಂಡು ಹಿಡಿಯಲು ಇನ್ನೊಬ್ಬ ಪಿಚರ್.

ಮೊದಲ ಐದು ಚೆನ್ನಾಗಿದ್ದವು. ಬಾಗಿಲು ಹಾಕಿದ ಶಬ್ದ. ಖುಷಿಯಾಯಿತು, ಸುಳ್ಳೇಕೆ. ಹತ್ತು ದಿನದ ರಜೆ ಸಾಕಾಯಿತು ಎಂದುಕೊಂಡೆ. ಆರನೆಯದು ದಿಂಬು. ಏಳು ದಿಂಬು. ಎಂಟನೆಯದನ್ನು ಬಿಡುವಾಗ ಅವನ ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ಒಂಬತ್ತಕ್ಕೆ ತೋಳು ಬೆನ್ನ ಹಿಂದೆ ಹೋಯಿತು.

ಫೋನ್.

“ರಮೀರೊ ಕೆಸಾಡ. ಆಗುತ್ತಾ?”

ಹೌದು ಎಂಬ ಮಾತು ಒತೊನಿಯೆಲ್‌ಗೆ ಎಷ್ಟು ಬೇಕಿತ್ತೆಂದು ನನಗೆ ಗೊತ್ತು. ರಮೀರೊ ಎರಡು ಹೆಜ್ಜೆ ದೂರದಲ್ಲಿ ನಿಂತಿದ್ದ. ಹತ್ತು ದಿನದಲ್ಲಿ ಮೊದಲ ಸಲ ನನ್ನ ಕಣ್ಣಿಗೆ ಕಣ್ಣು ಕೊಟ್ಟ.

“ರೆಡಿ ಅನ್ನಿ ಮೇಷ್ಟ್ರೇ. ಒಬ್ನೇ. ಒಬ್ನಿಗೆ ಮಾತ್ರ.”

ಆ ಒಬ್ಬನನ್ನು ಅವನು ಔಟ್ ಮಾಡುತ್ತಿದ್ದ. ಹಾಗೆಂದೇ ಈಗಲೂ ಅನ್ನಿಸುತ್ತದೆ. ಆಮೇಲೆ ಆ ತೋಳಿನಲ್ಲಿ ತಲೆ ಬಾಚಿಕೊಳ್ಳಲೂ ಆಗುತ್ತಿರಲಿಲ್ಲ. ಅದೂ ಹಾಗೆಯೇ ಅನ್ನಿಸುತ್ತದೆ.

“ಆಗಲ್ಲ” ಎಂದೆ. “ದಾರ್ವಿನ್ ರೆಡಿ ಇದಾನೆ. ಈ ಸಲ ಇಪ್ಪತ್ತು ಎಸೆದಿದಾನೆ.”

ಆ ಫೋನಿನಲ್ಲಿ ಇಲ್ಲ ಎಂದವನು ನಾನೇ ಮೊದಲು.

ದಾರ್ವಿನ್ ಅವನನ್ನು ಔಟ್ ಮಾಡಿದ. ಒಂಬತ್ತರಲ್ಲಿ ಬೇರೆಯವನು ಎಸೆದ, ಚೆಂಡು ಬ್ಯಾಟಿನ ತುದಿಗೆ ತಾಗಿ ನಮ್ಮ ಇಬ್ಬರು ಫೀಲ್ಡರ್‌ಗಳ ನಡುವೆ ಬಿತ್ತು, ಸೋತೆವು. ೩–೨. ಯಾರ ತಪ್ಪೂ ಅಲ್ಲ. ಮಿನೆರ್ವ ಹಾಗೆ ಹೇಳಿದಳು. ರಮೀರೊ ಜಾಕೆಟ್ ಹೆಗಲಿಗೆ ಹಾಕಿಕೊಂಡು, ಬೂಟು ಬಿಚ್ಚದೆ, ಗೇಟು ದಾಟಿ ಹೋದ. ೩೯೯.


ಡಿಸೆಂಬರ್ ೨೨, ಬೆಳಿಗ್ಗೆ ೯.೧೫

ಬುಲ್‌ಪೆನ್‌ನ ಸಾಮಾನು ಕಟ್ಟಲು ಎಂಟಕ್ಕೇ ಬಂದೆ. ಇಲ್ಲೇ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಂಚು ಖಾಲಿ, ಗ್ಯಾಲರಿ ಖಾಲಿ. ಕಸ ಗುಡಿಸುವ ಹೆಂಗಸು ಮಾತ್ರ.

ರಮೀರೊ ಬಂದ. ಮೊನ್ನೆಯದೇ ಬೂಟು. ತೋಳಿಗೆ ಬಟ್ಟೆ ಸುತ್ತಿಕೊಂಡಿದ್ದ. ನಮಸ್ಕಾರವಿಲ್ಲ, ಏನಿಲ್ಲ. ನನ್ನ ಕೈಗವಸನ್ನು ಚೀಲದಿಂದ ತೆಗೆದು ನನ್ನ ಮಡಿಲಿಗೆ ಹಾಕಿದ.

ಬೇಡ ಮಾರಾಯ, ಕೈ ಕೆಡುತ್ತದೆ ಎಂದೆ. ಜೋರಾಗಿ ಎಸೆಯುವುದಿಲ್ಲ, ನಿಮ್ಮ ಮೊಮ್ಮಗಳಿಗೆ ಎಸೆಯುವ ಹಾಗೆ ಎಸೆಯುತ್ತೇನೆ ಎಂದ. ಮೊಣಕಾಲು ಮುರಿದು ಕೂತೆ. ಎಸೆದ. ಮೆತ್ತಗೆ, ಎತ್ತರಕ್ಕೆ, ಒಂದೊಂದೂ ನೇರ ಕೈಗವಸಿಗೆ. ಶಬ್ದವೇ ಇಲ್ಲ. ಗೋಡೆಯ ಮೇಲೆ ಫೋನ್ ಸುಮ್ಮನಿತ್ತು. ಹನ್ನೊಂದನೆಯದು ಎಸೆದು, ಸಾಕು ಎಂದು ತಾನೇ ಹೇಳಿ, ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿದ. ಲೇಸನ್ನು ಎಡಗೈಯಿಂದಲೇ ಎಳೆದ. ಬೂಟುಗಳನ್ನು ಬೆಂಚಿನ ಕೆಳಗೆ ಬಿಟ್ಟು, ಬರಿಗಾಲಿನಲ್ಲಿ ಹೊರಟ. ಗೇಟಿನ ಹತ್ತಿರ ತಿರುಗಿದ.

“ಇದನ್ನೂ ಬರ್ಕೊಳ್ಳಿ ಮೇಷ್ಟ್ರೇ.”

ಹಿಂದಿನ ಪುಟಗಳು ಒತೊನಿಯೆಲ್ ಹತ್ತಿರ ಇವೆ. ಇಲ್ಲೇ ಗೆರೆ ಎಳೆಯುತ್ತೇನೆ.

ಡಿಸೆಂಬರ್ ೨೨. ರಮೀರೊ ಕೆಸಾಡ. ಹನ್ನೊಂದು ಎಸೆತ. ಕರೆದರೇ — ಇಲ್ಲ, ತಾನೇ ಬಂದ.