ಸ್ಲೇಟಿನ ಮೇಲಿನ ಮೆತ್ತನೆಯ ಮಾತು

ಪ್ರೀತಿಯ ಮಗಳೇ,

ಮುರಿದಿದ್ದ ದವಡೆಗೆ ಬಿಗಿದ ತಂತಿಯನ್ನು ಡಾಕ್ಟರು ನಿನ್ನೆ ಬಿಚ್ಚಿದರು. ಎಪ್ಪತ್ತರ ಮೂಳೆಯಾದರೂ ಚೆನ್ನಾಗಿ ಕೂಡಿದೆಯಂತೆ. ಇವತ್ತು ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ರಾಜನ ಹಾಗೆ ಅಗಿದು ತಿಂದೆ.

ಇನ್ನು ಬಾಯ್ತುಂಬ ಮಾತಾಡೋಣವೆಂದರೆ ನಿಮ್ಮಮ್ಮ ಬಿಡುತ್ತಿಲ್ಲ. ಆರು ವಾರ ಹೊಲಿಗೆ ಅಂಗಡಿಯ ಸೀಮೆಸುಣ್ಣದಲ್ಲಿ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆನಲ್ಲ, ಅದೇ ಮುಂದುವರಿಯಲಿ ಎನ್ನುತ್ತಾಳೆ. ಅವಳ ಕಿವಿ ಮಂದವಾದಾಗಿನಿಂದ ನಾನು ಕಿರುಚುತ್ತಿದ್ದದ್ದು ಬೀದಿಗೆಲ್ಲ ಗೊತ್ತು. “ನೀವು ಬಾಯಿ ತೆಗೆದಾಗಲೆಲ್ಲ ಬೈತಿದ್ದೀರಿ ಅಂತಲೇ ಅಂದ್ಕೊಂಡಿದ್ದೆ ಕಣ್ರೀ. ಸ್ಲೇಟಲ್ಲಿ ಎಷ್ಟು ಮೆತ್ತಗೆ ಮಾತಾಡ್ತೀರಿ!” ಎಂದು ನಕ್ಕಳು.

ಭಾನುವಾರ ಬರುವಾಗ ಎರಡು ಡಬ್ಬಿ ಸೀಮೆಸುಣ್ಣ ತಾ. ಗಿರಾಕಿಗಳ ಬಟ್ಟೆಗೆ ಗುರುತು ಹಾಕಲೂ ಒಂದು ಚೂರು ಉಳಿದಿಲ್ಲ. ಸ್ಲೇಟು ಗೋಡೆಗೆ ಮುಖ ಮಾಡಿದ್ದರೆ ತಿರುಗಿಸಿ ಓದಬೇಡ. ಅದು ನಿಮ್ಮಮ್ಮನಿಗೆ ಬರೆದದ್ದು.

ನಿನ್ನ ಅಪ್ಪ